ಎರೆ ಭೂಮಿಯಲ್ಲಿ ಹೊಸ ಮನೆ: ಯಂತ್ರ ಮುದ್ರಿಸುವ ಗೋಡೆಯೋ, ಗೌಂಡಿ ಕಟ್ಟುವ ಗೋಡೆಯೋ?

ಪ್ರಶ್ನೆ: ಗದಗ ತಾಲ್ಲೂಕಿನ ರೈತ

ಎಲ್ಲರಿಗೂ ನಮಸ್ಕಾರ. ಗದಗದಿಂದ ಲಕ್ಕುಂಡಿಯ ಕಡೆಗೆ ಹೋಗುವ ಹಾದಿಯಲ್ಲಿ ನಮ್ಮ ಊರು. ಅಲ್ಲಿ ಅಜ್ಜನ ಕಾಲದ ಮಾಳಿಗೆ ಮನೆಯೊಂದಿದೆ. ಕಲ್ಲು ಮತ್ತು ಕೆಸರಿನಲ್ಲಿ ಕಟ್ಟಿದ ಎರಡಡಿ ದಪ್ಪದ ಗೋಡೆ, ಕಂಬ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆ, ನಡುಮನೆಗೆ ಬೆಳಕು ಇಳಿಸುವ ಬೆಳಕಿಂಡಿ; ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲೂ ಒಳಗೆ ಫ್ಯಾನ್ ಇಲ್ಲದೆ ಮಲಗಬಹುದು. ಆದರೆ 2019ರ ಆಗಸ್ಟ್ ಮಳೆಗೆ ಹಿತ್ತಲ ಕಡೆಯ ಗೋಡೆ ಉಬ್ಬಿ ಬಿರುಕು ಬಿಟ್ಟಿತು. ಅದಾದ ಮೇಲೆ ಹಿಂದಿನ ಎರಡು ಖೋಲಿಗಳನ್ನು ಬಳಸುತ್ತಿಲ್ಲ. ಮುಂಭಾಗ ಗಟ್ಟಿಯಾಗಿಯೇ ಇದೆ, ಆದರೆ ಮಾಳಿಗೆ ಅಲ್ಲಲ್ಲಿ ಸೋರುತ್ತದೆ.

ಈಗ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಬೆಂಗಳೂರಿನಲ್ಲಿರುವ ನನ್ನ ಅಳಿಯ ಎಲ್ಲವನ್ನೂ ಕೆಡವಿ ಹೊಸ ತಂತ್ರಜ್ಞಾನದಲ್ಲಿ ಕಟ್ಟಿಸೋಣ ಎನ್ನುತ್ತಾನೆ. ಕೇಂಬ್ರಿಡ್ಜ್ ಬಡಾವಣೆಯ ಅಂಚೆ ಕಚೇರಿಯನ್ನು ಅವನೇ ಕರೆದುಕೊಂಡು ಹೋಗಿ ತೋರಿಸಿದ. ಯಂತ್ರವು ಕಾಂಕ್ರೀಟನ್ನು ಪದರದ ಮೇಲೆ ಪದರವಾಗಿ ಸುರಿದು ಗೋಡೆ ಎಬ್ಬಿಸಿದ, 1,021 ಚದರ ಅಡಿಯ ಆ ಕಟ್ಟಡ 43 ದಿನಗಳಲ್ಲಿ ಮುಗಿದು 2023ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ನೋಡಿದರೆ ಯಾರಿಗಾದರೂ ಮೆಚ್ಚುಗೆಯಾಗುತ್ತದೆ, ನನಗೂ ಆಯಿತು. ಅಂಥ ಯಂತ್ರ ನಮ್ಮ ಊರಿಗೆ ಬಾರದಿದ್ದರೂ ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆಗಳನ್ನು ತಂದು ಕ್ರೇನ್‌ನಿಂದ ನಿಲ್ಲಿಸಿಕೊಡುವವರು ಇದ್ದಾರೆ, ಇದರಲ್ಲಿ ಮರಳು, ನೀರು, ಕಟ್ಟಿಗೆ ಎಲ್ಲವೂ ಉಳಿಯುವುದರಿಂದ ಪರಿಸರಕ್ಕೂ ಒಳ್ಳೆಯದು ಎಂಬುದು ಅವನ ವಾದ.

ಇನ್ನೊಂದು ಕಡೆ, ನಮ್ಮ ಊರಿನ ಹಿರಿಯ ಗೌಂಡಿಯೊಬ್ಬರು ಮುಂಭಾಗವನ್ನು ಕೆಡವಲೇಬಾರದು, ಹಿಂದಿನ ಖೋಲಿಗಳನ್ನು ಮಾತ್ರ ಹೊಸದಾಗಿ ಮಣ್ಣಿನ ಇಟ್ಟಂಗಿಯಲ್ಲಿ ಕಟ್ಟಿ ಎನ್ನುತ್ತಾರೆ. ಅವರ ಮಾತಿನ ಮೇಲೆ ನನಗೆ ಗೌರವವಿದೆ. ಆದರೆ ಅವರ ನಂತರ ಆ ಕೆಲಸ ಬಲ್ಲವರು ನಮ್ಮ ಊರಿನಲ್ಲಿ ಯಾರೂ ಇಲ್ಲ ಎಂಬುದೂ ನಿಜ.

ಆದ್ದರಿಂದ ಅನುಭವಿಗಳಲ್ಲಿ ಕೇಳುತ್ತಿದ್ದೇನೆ. ವೇಗ ಮತ್ತು ಅಂದವನ್ನು ಬದಿಗಿಟ್ಟು ನೋಡಿದರೆ, ಭೂಮಿಗೆ ಕಡಿಮೆ ಭಾರವಾಗುವ, ಮೊಮ್ಮಕ್ಕಳ ಕಾಲಕ್ಕೂ ಬಾಳುವ ಮನೆ ಇವೆರಡರಲ್ಲಿ ಯಾವುದು?

ಉತ್ತರ 1: ಕಟ್ಟಡ ಎಂಜಿನಿಯರ್, ಹುಬ್ಬಳ್ಳಿ

ಸರ್, ನಿಮ್ಮ ಪ್ರಶ್ನೆಗೆ ಲೆಕ್ಕದಿಂದಲೇ ಉತ್ತರ ಆರಂಭಿಸುತ್ತೇನೆ.

ಕಟ್ಟಡದಿಂದ ಭೂಮಿಗೆ ಬೀಳುವ ಭಾರದಲ್ಲಿ ಸಿಮೆಂಟಿನದು ಮತ್ತು ಉಕ್ಕಿನದು ದೊಡ್ಡ ಪಾಲು. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸುಮಾರು ಶೇ 7ರಿಂದ 8ರಷ್ಟು ಸಿಮೆಂಟ್ ತಯಾರಿಕೆಯಿಂದಲೇ ಬರುತ್ತದೆ. ಗೂಡನ್ನು 1,450 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಉರಿಸುವ ಇಂಧನ ಒಂದು ಕಾರಣವಾದರೆ, ಸುಣ್ಣದ ಕಲ್ಲು ಕಾದು ಒಡೆಯುವಾಗ ಅದರೊಳಗಿನ ಅನಿಲವೇ ಹೊರಬೀಳುವುದು ಅದಕ್ಕಿಂತ ದೊಡ್ಡ ಕಾರಣ. ನಾವು ಎಂಜಿನಿಯರುಗಳು ಅಂದಾಜು ಹಾಕುವಾಗ ಸಾಮಾನ್ಯ ಆರ್‌ಸಿಸಿ ಮನೆಗೆ ಚದರ ಅಡಿಗೆ 0.4 ಚೀಲ ಸಿಮೆಂಟ್ ಹಿಡಿಯುತ್ತೇವೆ. ಅಂದರೆ 1,000 ಚದರ ಅಡಿಯ ಮನೆಗೆ 400 ಚೀಲ, ತೂಕದಲ್ಲಿ 20 ಟನ್. ನಿಮ್ಮ ಮನೆಯ ಮುಂಭಾಗವನ್ನು ಉಳಿಸಿಕೊಂಡರೆ ಆ ಭಾಗದ ಮಟ್ಟಿಗೆ ಈ ಲೆಕ್ಕ ಬಹುತೇಕ ಸೊನ್ನೆಯಾಗುತ್ತದೆ. ಹೊಸದಾಗಿ ಕಟ್ಟುವ ಎಂಥ ಒಳ್ಳೆಯ ಮನೆಯೂ, ಕೆಡವದೆ ಉಳಿಸಿಕೊಂಡ ಗಟ್ಟಿ ಮನೆಗೆ ಈ ವಿಷಯದಲ್ಲಿ ಸಮನಾಗುವುದು ಕಷ್ಟ.

ಮುದ್ರಿಸುವ ಯಂತ್ರದ ಬಗ್ಗೆ ಒಂದು ಸಂಗತಿಯನ್ನು ನಿಮ್ಮ ಅಳಿಯನಿಗೆ ದಯವಿಟ್ಟು ತಿಳಿಸಿ. ನಳಿಕೆಯಿಂದ ಸರಾಗವಾಗಿ ಹೊರಬರಬೇಕಾದ ಮಿಶ್ರಣಕ್ಕೆ ದಪ್ಪ ಜಲ್ಲಿ ಹಾಕುವಂತಿಲ್ಲ. ಜಲ್ಲಿ ಇಲ್ಲದ ಮೇಲೆ ಅಂಟು ಹೆಚ್ಚು ಬೇಕಾಗುತ್ತದೆ. ನಾವು ಮನೆಗಳಿಗೆ ಬಳಸುವ ಎಂ20 ಎಂಬ ದರ್ಜೆಯ ಕಾಂಕ್ರೀಟಿನ ಒಂದು ಘನ ಮೀಟರಿಗೆ 320ರಿಂದ 350 ಕಿಲೋ ಸಿಮೆಂಟ್ ಹೋದರೆ, ಮುದ್ರಣದ ಮಿಶ್ರಣದಲ್ಲಿ ಸಿಮೆಂಟ್ ಮತ್ತು ಹಾರುಬೂದಿಯಂಥ ಅಂಟುಪುಡಿಗಳು ಸೇರಿ ಸಾಮಾನ್ಯವಾಗಿ 500 ಕಿಲೋ ದಾಟುತ್ತವೆ. ಗೋಡೆಯನ್ನು ಟೊಳ್ಳಾಗಿ ಮುದ್ರಿಸಿ ಇದರಲ್ಲಿ ಒಂದಷ್ಟನ್ನು ಉಳಿಸುತ್ತಾರೆ, ಸೆಂಟ್ರಿಂಗ್ ಹಲಗೆಯ ಖರ್ಚೂ ಇಲ್ಲ. ಅದು ನಿಜವಾದ ಲಾಭ. ಆದರೆ ಬಹುಪಾಲು ಕಡೆಗಳಲ್ಲಿ ಯಂತ್ರ ಮುದ್ರಿಸುವುದು ಗೋಡೆಯನ್ನು ಮಾತ್ರ. ಪಾಯ, ಕಿಟಕಿ, ಬಾಗಿಲು, ನಲ್ಲಿ, ಬಣ್ಣ ಇವೆಲ್ಲವೂ ಮೊದಲಿನಂತೆಯೇ ಆಗಬೇಕು.

ಕಾರ್ಖಾನೆಯ ಗೋಡೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರು ನಗರಗಳಲ್ಲಿ ತಲಾ ಸುಮಾರು ಸಾವಿರ ಮನೆಗಳ ‘ಲೈಟ್ ಹೌಸ್’ ಯೋಜನೆಗೆ ಅಡಿಗಲ್ಲು ಹಾಕಿತು. ರಾಂಚಿಯಲ್ಲಿ ಕೋಣೆಗಳನ್ನೇ ಇಡಿಯಾಗಿ ಎರಕ ಹೊಯ್ದು ತಂದು ಜೋಡಿಸುವ ವಿಧಾನ, ರಾಜ್‌ಕೋಟ್‌ನಲ್ಲಿ ಸುರಂಗದಾಕಾರದ ಅಚ್ಚಿನಲ್ಲಿ ಗೋಡೆ ಮತ್ತು ಚಾವಣಿಯನ್ನು ಒಟ್ಟಿಗೆ ಹೊಯ್ಯುವ ವಿಧಾನ ಅಲ್ಲಿ ಬಳಕೆಗೆ ಬಂದವು. ಒಂದೇ ಅಚ್ಚು ಸಾವಿರ ಸಲ ಬಳಕೆಯಾದಾಗ ಅದರ ಲಾಭ ಎದ್ದು ಕಾಣುತ್ತದೆ. ಎರಡು ಖೋಲಿಗಳಿಗಾಗಿ ಲಾರಿ ಮತ್ತು ಕ್ರೇನ್ ತರಿಸಿದರೆ ಆ ಲಾಭವೆಲ್ಲ ರಸ್ತೆಯಲ್ಲೇ ಕರಗುತ್ತದೆ. ಎರೆ ಭೂಮಿಯ, ಅಂದರೆ ಕಪ್ಪು ಮಣ್ಣಿನ, ಹೊಲದಾರಿಯಲ್ಲಿ ಮಳೆ ಬಿದ್ದ ಮೇಲೆ ಕ್ರೇನ್ ಇರಲಿ, ಚಕ್ಕಡಿಯೂ ಸಾಗುವುದಿಲ್ಲ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೂ ಇದೆ. ಕೈಕೆಲಸ ಎಂದ ಮಾತ್ರಕ್ಕೆ ಅದು ಭದ್ರವೆಂದು ನಂಬಬೇಡಿ. 2019ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ಜೀವಗಳು ಹೋದದ್ದನ್ನು ನಾವ್ಯಾರೂ ಮರೆತಿಲ್ಲ. ಅದೇ ವರ್ಷದ ನೆರೆಯಲ್ಲಿ ಮಲಪ್ರಭೆಯ ದಂಡೆಯ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲುಸಾಲಾಗಿ ಬಿದ್ದವು. ಕಾರ್ಖಾನೆಯಲ್ಲಿ ಪ್ರತಿಯೊಂದು ಎರಕವನ್ನೂ ಪರೀಕ್ಷಿಸುವ ಕ್ರಮವಿದೆ. ನಮ್ಮ ಹಳ್ಳಿಗಳ ಕಟ್ಟಡಗಳಿಗೆ ಅಂಥ ಕ್ರಮವಿಲ್ಲ, ಒಳ್ಳೆಯ ಗೌಂಡಿಗಳೂ ಸುಲಭವಾಗಿ ಸಿಗುವುದಿಲ್ಲ. ಮಣ್ಣಿನಲ್ಲಿ ಕಟ್ಟುವುದಾದರೆ ಪರೀಕ್ಷೆಗೆ ಮತ್ತು ಮೇಲ್ವಿಚಾರಣೆಗೆ ಹಣ ಎತ್ತಿಡಿ.

ಉತ್ತರ 2: ಗೌಂಡಿ ಮನೆತನದವನು, ಗದಗ-ಬೆಟಗೇರಿ

ಎಂಜಿನಿಯರ್ ಸಾಹೇಬರ ಲೆಕ್ಕ ಸರಿಯಾಗಿದೆ. ಆದರೆ ‘ಒಳ್ಳೆಯ ಗೌಂಡಿಗಳು ಸಿಗುವುದಿಲ್ಲ’ ಎಂಬ ಮಾತನ್ನು ಅಲ್ಲಿಗೇ ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಅವರು ತಾವಾಗಿ ಕಾಣೆಯಾಗಲಿಲ್ಲ. ಚದರ ಅಡಿಯ ಲೆಕ್ಕದಲ್ಲಿ ಗುತ್ತಿಗೆ ಕೊಡುವ ಪದ್ಧತಿ ಬಂದ ಮೇಲೆ, ನಿಧಾನವಾಗಿ ಹದ ನೋಡಿ ಕಟ್ಟುವವನಿಗೂ ಅವಸರದಲ್ಲಿ ಮೆತ್ತಿ ಹೋಗುವವನಿಗೂ ಒಂದೇ ದರ ಸಿಗತೊಡಗಿತು. ಹದ ನೋಡುವವನು ತನ್ನ ಮಗನಿಗೆ ಈ ಕೆಲಸ ಕಲಿಸಲಿಲ್ಲ. ನನ್ನ ತಂದೆಯವರು ನನಗೆ ಕಲಿಸಿದರು, ನಾನು ಈಗ ಹಳೆಯ ವಾಡೆ ಮತ್ತು ಗುಡಿಗಳ ದುರಸ್ತಿ ಮಾಡುತ್ತೇನೆ. ಕೆಲಸಕ್ಕೆ ಕೊರತೆಯಿಲ್ಲ, ಜೊತೆಗೆ ನಿಲ್ಲುವ ಹುಡುಗರದೇ ಕೊರತೆ.

ಮೊದಲಿಗೆ ನಿಮ್ಮ ಉಬ್ಬಿದ ಗೋಡೆಯ ಮಾತು. ಅದಕ್ಕೆ ಹೊರಗಿನಿಂದ ಸಿಮೆಂಟ್ ಗಿಲಾವು ಮಾಡಿಸಿದ್ದೀರಾ? ಈ ಭಾಗದಲ್ಲಿ ಹಳೆಯ ಗೋಡೆಗಳು ಕೆಡುವುದಕ್ಕೆ ನಾನು ಕಂಡ ಮುಖ್ಯ ಕಾರಣ ಅದೇ. ಕೆಸರಿನಲ್ಲಿ ಕಟ್ಟಿದ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ, ಬಿಸಿಲಿಗೆ ಅದನ್ನು ಹೊರಗೆ ಬಿಡುತ್ತದೆ. ಅದರ ಮೈಗೆ ಸಿಮೆಂಟ್ ಬಳಿದರೆ ತೇವ ಒಳಗೇ ಉಳಿದು ಕೆಸರು ಮೆತ್ತಗಾಗುತ್ತದೆ, ಗೋಡೆಯ ಹೊಟ್ಟೆ ಮುಂದೆ ಬರುತ್ತದೆ. ಮೇಲ್ನೋಟಕ್ಕೆ ಗಿಲಾವು ಗಟ್ಟಿಯಾಗಿಯೇ ಕಾಣುತ್ತಿರುತ್ತದೆ. ಕರಣಿಯ ಹಿಡಿಯಿಂದ ಅಲ್ಲಲ್ಲಿ ತಟ್ಟಿ ನೋಡಿ. ಕೂಡಿಕೊಂಡ ಜಾಗದಲ್ಲಿ ಮೊಂಡು ಸದ್ದು ಬರುತ್ತದೆ, ಬಿಟ್ಟುಕೊಂಡ ಜಾಗದಲ್ಲಿ ಬರಿದಾದ ಕೊಡವನ್ನು ಬಡಿದಂಥ ಸದ್ದು. ಹಾಗೆ ತಟ್ಟುತ್ತ ಹೋಗಿ ಸೀಮೆಸುಣ್ಣದಿಂದ ಗೆರೆ ಎಳೆದರೆ ಎಷ್ಟು ಗೋಡೆ ಕೆಟ್ಟಿದೆ, ಎಷ್ಟು ಉಳಿಯಬಲ್ಲದು ಎಂಬುದರ ನಕ್ಷೆ ನಿಮ್ಮ ಕಣ್ಣೆದುರಿಗೇ ಮೂಡುತ್ತದೆ. ಮುಂಭಾಗದಲ್ಲಿ ಸಿಮೆಂಟ್ ಇದ್ದರೆ ಕೆತ್ತಿ ತೆಗೆದು ಸುಣ್ಣದ ಗಚ್ಚು ಹಾಕಿಸಿ. ಸುಣ್ಣಕ್ಕೆ 900 ಡಿಗ್ರಿಯ ಸುಮಾರಿನ ಶಾಖ ಸಾಕು, ಮತ್ತು ಸುಡುವಾಗ ಬಿಟ್ಟ ಅನಿಲದಲ್ಲಿ ಒಂದಷ್ಟನ್ನು ಅದು ಗೋಡೆಯ ಮೇಲೆ ಗಟ್ಟಿಯಾಗುತ್ತ ಮರಳಿ ಹೀರಿಕೊಳ್ಳುತ್ತದೆ.

ಸೋರುವ ಮಾಳಿಗೆಗೆ ನಮ್ಮ ಹಿರಿಯರು ಮೇಲ್ಪದರವಾಗಿ ಸವಳು ಮಣ್ಣನ್ನೇ ಆರಿಸಿ ಹಾಕುತ್ತಿದ್ದರು. ಬೆಳೆಗೆ ಬಾರದ ಆ ಮಣ್ಣು ಮಾಳಿಗೆಗೆ ಏಕೆ ಬೇಕೆಂದು ನಾನು ಸಣ್ಣವನಿದ್ದಾಗ ಕೇಳುತ್ತಿದ್ದೆ. ಅದರಲ್ಲಿರುವ ಸೋಡಿಯಂ ಲವಣವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಸಂದುಗಳನ್ನು ಮುಚ್ಚುತ್ತದೆ, ಅದರಿಂದ ನೀರು ಕೆಳಗಿಳಿಯುವುದಿಲ್ಲ ಎಂಬ ಕಾರಣವನ್ನು ಮುಂದೆ ಓದಿ ತಿಳಿದೆ. ಹೊಲ ಕೆಡಿಸುವ ಗುಣವೇ ಮಾಳಿಗೆ ಕಾಯುತ್ತದೆ. ಪ್ರತಿ ವರ್ಷ ಮುಂಗಾರಿಗೆ ಮೊದಲು ಈ ಪದರವನ್ನು ಬಡಿದು ಸರಿಪಡಿಸುವ ರೂಢಿ ತಪ್ಪಿದ್ದರಿಂದ ಮಾಳಿಗೆಗಳು ಸೋರುತ್ತಿವೆ.

ಯಂತ್ರದ ಬಗ್ಗೆ ನನಗೆ ವಿರೋಧವಿದೆ ಎಂದು ಯಾರೂ ತಿಳಿಯಬಾರದು. ನೀವು ಲಕ್ಕುಂಡಿಯ ಹತ್ತಿರದವರು, ಅಲ್ಲಿನ ಗುಡಿಯ ಕಂಬಗಳನ್ನು ಕೈಯಿಂದ ಸವರಿ ನೋಡಿರುತ್ತೀರಿ. ಕಲ್ಯಾಣ ಚಾಲುಕ್ಯರ ಕಾಲದ ಆ ಕಂಬಗಳ ಬಳೆಬಳೆಯಂಥ ಸುತ್ತುಗಳು ಬರೀ ಉಳಿಯಿಂದ ಮೂಡಿದವಲ್ಲ, ಕಲ್ಲನ್ನು ತಿರುಗಣೆಗೆ ಹಾಕಿ ಕಡೆದವು. ಅಂದರೆ ಸಾವಿರ ವರ್ಷದ ಹಿಂದೆಯೇ ನಮ್ಮ ಕಸುಬಿನವರು ಯಂತ್ರವನ್ನು ಕರೆತಂದಿದ್ದರು. ಯಾವ ಕಲ್ಲು ಕಡೆಯಲು ಬರುತ್ತದೆ, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನ ಮಾತ್ರ ಕಲ್ಲುಕುಟಿಗನ ಕೈಯಲ್ಲಿ ಉಳಿಯಿತು. ನಾನೂ ಗಚ್ಚು ಅರೆಯಲು ಎತ್ತಿನ ಗಾಣ ಬಿಟ್ಟು ಮೋಟಾರಿನ ಗಾಣ ಇಟ್ಟುಕೊಂಡಿದ್ದೇನೆ. ಗಚ್ಚಿನ ಗುಣವೇನೂ ಕೆಟ್ಟಿಲ್ಲ. ಆದರೆ ಇಡೀ ಗೋಡೆಯೇ ದೂರದ ಕಾರ್ಖಾನೆಯಿಂದ ಬಂದರೆ, ಮೂವತ್ತು ವರ್ಷದ ಮೇಲೆ ಅದರ ಸಂದಿ ಬಿಟ್ಟಾಗ ಸರಿಪಡಿಸುವ ವಿದ್ಯೆ ಊರಿನಲ್ಲಿ ಯಾರ ಬಳಿ ಇರುತ್ತದೆ? ಮೊಮ್ಮಕ್ಕಳ ಮಾತು ನೀವೇ ಎತ್ತಿದ್ದೀರಿ. ದುರಸ್ತಿ ಮಾಡುವವರು ನಡೆದು ಬರುವಷ್ಟು ಹತ್ತಿರ ಇದ್ದರೆ ಮಾತ್ರ ಮನೆ ಅವರ ಕಾಲದವರೆಗೆ ಬಾಳುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು

ಇಬ್ಬರಿಗೂ ತುಂಬಾ ಕೃತಜ್ಞತೆಗಳು. ಹೌದು, ಹಿಂದಿನ ಗೋಡೆಗೆ ಹೊರಗಿನಿಂದ ಸಿಮೆಂಟ್ ಗಿಲಾವು ಇದೆ. ಮುಂಭಾಗಕ್ಕೆ ಸುಣ್ಣವೇ ಇದೆ. ಮುಂಭಾಗ ಉಳಿಸಿಕೊಳ್ಳುವುದೆಂದು ಮನೆಯವರೆಲ್ಲ ಒಪ್ಪಿದ್ದೇವೆ, ಅಳಿಯನೂ ಒಪ್ಪಿದ್ದಾನೆ. ಉಳಿದದ್ದು ಹಿಂದಿನ ಖೋಲಿಗಳ ಮಾತು. ಹೊಲದ ಎರೆ ಮಣ್ಣಿನಿಂದಲೇ ಇಟ್ಟಂಗಿ ಒತ್ತಬಹುದೇ? ಮಣ್ಣನ್ನೇ ಮುದ್ರಿಸುವ ಯಂತ್ರಗಳು ಬಂದಿವೆ ಎಂದು ಅಳಿಯ ಹೇಳುತ್ತಾನೆ, ಅದು ನಿಜವೇ?

ಉತ್ತರ 3: ವಾಸ್ತುಶಿಲ್ಪ ಕಲಿಸುವ ಅಧ್ಯಾಪಕಿ, ಹಾವೇರಿ

ಅಣ್ಣಾವರೇ, ನಿಮ್ಮ ಅಳಿಯ ಹೇಳಿದ್ದು ನಿಜ. ಇಟಲಿಯ ರವೆನ್ನಾ ಬಳಿಯ ಮಸ್ಸಾ ಲೊಂಬಾರ್ದಾ ಎಂಬಲ್ಲಿ 2021ರಲ್ಲಿ ‘ಟೆಕ್ಲಾ’ ಎಂಬ ಮನೆಯನ್ನು ಸ್ಥಳದ ಮಣ್ಣು ಮತ್ತು ಭತ್ತದ ಹೊಟ್ಟಿನ ಮಿಶ್ರಣದಿಂದ ಮುದ್ರಿಸಿದರು. ವಾಸ್ಪ್ ಎಂಬ ಸಂಸ್ಥೆಯ ಯಂತ್ರ, ಮಾರಿಯೊ ಕುಚಿನೆಲ್ಲಾ ಅವರ ವಿನ್ಯಾಸ. ಸಿಮೆಂಟನ್ನು ನೆಚ್ಚದೆಯೂ ಯಂತ್ರ ಗೋಡೆ ಕಟ್ಟಬಲ್ಲದು ಎಂಬುದನ್ನು ತೋರಿಸಿದ ಆ ಕೆಲಸವನ್ನು ನಾನು ವಿದ್ಯಾರ್ಥಿಗಳಿಗೆ ತಪ್ಪದೆ ತೋರಿಸುತ್ತೇನೆ. ಆದರೆ ಯಂತ್ರಕ್ಕೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದ ಮಣ್ಣು ಬೇಕು. ನಮ್ಮಲ್ಲಿ ಒಂದೇ ಊರಿನ ಪೂರ್ವಕ್ಕೆ ಎರೆ, ಪಶ್ಚಿಮಕ್ಕೆ ಮಸಾರಿ ಎಂಬ ಕೆಂಪು ಮಣ್ಣು ಇರುತ್ತದೆ. ಅದನ್ನು ಕಂಡು ಮಿಶ್ರಣ ಬದಲಿಸುವವರು ಮನುಷ್ಯರೇ ಆಗಬೇಕು. ಹಾಗಾಗಿ ಮಣ್ಣಿನ ಮುದ್ರಣ ನಾಳೆ ಇಲ್ಲಿಗೆ ಬಂದರೂ ಮಣ್ಣು ಬಲ್ಲ ಗೌಂಡಿಯೇ ಅದಕ್ಕೆ ಮೊದಲು ಬೇಕಾಗುವವರು. ಗದಗಿನ ಅಣ್ಣಾವರು ತಿರುಗಣೆಯ ಬಗ್ಗೆ ಹೇಳಿದ್ದನ್ನು ನಾನು ಈ ಅರ್ಥದಲ್ಲಿ ಪೂರ್ಣವಾಗಿ ಒಪ್ಪುತ್ತೇನೆ.

ಬರೀ ಎರೆಯಿಂದ ಇಟ್ಟಂಗಿ ಆಗುವುದಿಲ್ಲ. ನೆನೆದರೆ ಉಬ್ಬುವುದು, ಒಣಗಿದರೆ ಬಿರಿಯುವುದು ಅದರ ಸ್ವಭಾವ. ನಿಮ್ಮ ಮಣ್ಣಿನ ಗುಣವನ್ನು ಮನೆಯಲ್ಲೇ ಒರಟಾಗಿ ತಿಳಿಯಬಹುದು. ನೇರ ಗೋಡೆಯ ಗಾಜಿನ ಭರಣಿಯಲ್ಲಿ ಮೂರನೆಯ ಒಂದು ಪಾಲು ಮಣ್ಣು ಹಾಕಿ, ಕತ್ತಿನವರೆಗೆ ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕುಲುಕಿ ಇಟ್ಟುಬಿಡಿ. ಉಸುಕು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ನುಣುಪಾದ ಹೂಳು ಕೆಲವು ಗಂಟೆಗಳಲ್ಲಿ ಕೂರುತ್ತದೆ, ಜೇಡಿ ಇಳಿಯಲು ಒಂದು ದಿನವೋ ಹೆಚ್ಚೋ ಬೇಕು. ಭರಣಿಯ ಮೈಮೇಲೆ ಮೂರು ಪಟ್ಟೆಗಳು ಬಣ್ಣಬಣ್ಣವಾಗಿ ಕಾಣುತ್ತವೆ, ಅಳತೆಪಟ್ಟಿ ಹಿಡಿದು ಅಳೆಯಿರಿ. ಒತ್ತಿದ ಇಟ್ಟಂಗಿಗೆ ಉಸುಕು ಮೂರನೆಯ ಎರಡು ಪಾಲಿನಷ್ಟು, ಜೇಡಿ ಶೇ 15ರ ಸುಮಾರಿಗೆ ಇರುವ ಮಣ್ಣು ಒಪ್ಪುತ್ತದೆ. ಎರೆಯಲ್ಲಿ ಜೇಡಿಯೇ ಅರ್ಧದಷ್ಟು ಇರುವುದುಂಟು. ಆದ್ದರಿಂದ ಹತ್ತಿರದ ಮಸಾರಿ ಮಣ್ಣು ಮತ್ತು ಕಲ್ಲುಗಣಿಯ ಪುಡಿಯನ್ನು ಮುಖ್ಯವಾಗಿ ಬಳಸಿ. ಎರೆಯನ್ನು ಸೇರಿಸಲೇಬೇಕೆಂದಿದ್ದರೆ ಸ್ವಲ್ಪವೇ ಸೇರಿಸಿ, ಸಿಮೆಂಟಿನ ಜೊತೆ ಸುಣ್ಣವನ್ನೂ ಹಾಕಿ, ಏಕೆಂದರೆ ಜೇಡಿಯನ್ನು ಪಳಗಿಸುವುದು ಸುಣ್ಣವೇ.

ಇದೇನೂ ಹೊಸ ಪ್ರಯೋಗವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ. ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಕೈಯಿಂದ ಒತ್ತುವ ಯಂತ್ರವನ್ನೂ ಮಿಶ್ರಣದ ಪ್ರಮಾಣವನ್ನೂ ವರ್ಷಗಟ್ಟಲೆ ಶೋಧಿಸಿ ರೂಪಿಸಿದರು. ಶೇ 7ರ ಸುಮಾರಿನ ಸಿಮೆಂಟ್ ಸಾಕು, ಗೂಡಿನಲ್ಲಿ ಸುಡುವ ಅಗತ್ಯವಿಲ್ಲ. ಒತ್ತಿದ ಮೇಲೆ ಮೂರರಿಂದ ನಾಲ್ಕು ವಾರ ನೆರಳಿನಲ್ಲಿಟ್ಟು ತೇವ ಆರದಂತೆ ಕಾಯಬೇಕು. ಇದಕ್ಕೆ ಐಎಸ್ 1725 ಎಂಬ ಭಾರತೀಯ ಮಾನಕವೂ ಇದೆ. ಸಾಲ ಕೊಡುವವರು ‘ಮಣ್ಣಿನ ಮನೆ’ ಎಂದು ಹಿಂಜರಿದರೆ ಎಂಜಿನಿಯರರ ಅಂದಾಜು ಪಟ್ಟಿಯಲ್ಲಿ ಈ ಮಾನಕದ ಸಂಖ್ಯೆಯನ್ನೂ ಒತ್ತಡ ಪರೀಕ್ಷೆಯ ವರದಿಯನ್ನೂ ಸೇರಿಸಿ ಕೊಡಿ.

ಗೌಂಡಿ ಅಣ್ಣಾವರಿಗೊಂದು ವಿನಂತಿ. ಹುಡುಗರು ಬರುವುದಿಲ್ಲ ಎಂಬ ನೋವು ನನಗೂ ಅರ್ಥವಾಗುತ್ತದೆ, ಆದರೆ ನಿಮ್ಮಂಥವರ ವಿದ್ಯೆ ಮನೆತನದೊಳಗೇ ಉಳಿದಿದ್ದೂ ಅದಕ್ಕೊಂದು ಕಾರಣ ಎಂದು ಹೇಳದಿರಲಾರೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೌಂಡಿ, ಬಡಗಿ, ಕಲ್ಲುಕುಟಿಗರ ಕಸುಬುಗಳೂ ಸೇರಿವೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು ಇದೆ. ಸುಣ್ಣದ ಕೆಲಸ ಮತ್ತು ಮಾಳಿಗೆಯ ಕೆಲಸವನ್ನು ಕಲಿಸಬಲ್ಲ ಗುರುಗಳು ಮುಂದೆ ಬಾರದಿದ್ದರೆ ಆ ತರಬೇತಿಯಲ್ಲಿ ಸಿಮೆಂಟಿನ ಕೆಲಸವೇ ತುಂಬಿಕೊಳ್ಳುತ್ತದೆ. ಈ ಅಣ್ಣಾವರ ಮನೆಯ ಕೆಲಸ ನಡೆಯುವಾಗ ನನ್ನ ವಿದ್ಯಾರ್ಥಿಗಳು ಬಂದು ಕರಣಿ ಹಿಡಿಯಲು ಒಪ್ಪುವಿರಾದರೆ, ದಿನ ಗೊತ್ತು ಮಾಡಿ ತಿಳಿಸಿ.

ಉತ್ತರ 4: ಗೌಂಡಿ ಮನೆತನದವನು, ಗದಗ-ಬೆಟಗೇರಿ

ಅಕ್ಕಾವರೇ, ನೀವು ಹೇಳಿದ್ದು ಸರಿಯಾಗಿದೆ. ಮಾಲೀಕರು ಒಪ್ಪಿದರೆ ಮುಂಭಾಗದ ಗಚ್ಚಿನ ದುರಸ್ತಿಗೆ ನಾನೇ ಬರುತ್ತೇನೆ. ವಿದ್ಯಾರ್ಥಿಗಳು ನೋಡಲು ಮಾತ್ರ ಬರುವುದು ಬೇಡ, ಸುಣ್ಣ ನೆನೆ ಹಾಕುವ ದಿನದಿಂದಲೇ ಬರಲಿ. ಊರಿನ ಹಿರಿಯ ಗೌಂಡಿಯವರನ್ನೇ ಮುಂದಿಟ್ಟುಕೊಂಡು ಕೆಲಸ ಮಾಡೋಣ, ನಾನು ಅವರ ಕೈಕೆಳಗೆ ನಿಲ್ಲುತ್ತೇನೆ.

ಉತ್ತರ 5: ಕಟ್ಟಡ ಎಂಜಿನಿಯರ್, ಹುಬ್ಬಳ್ಳಿ

ಹಿಂದಿನ ಖೋಲಿಗಳ ಪಾಯದ ಬಗ್ಗೆ ಹೇಳುವುದು ಉಳಿದಿದೆ. ಗೋಡೆ ಯಾವುದಾದರೂ ಇರಲಿ, ಎರೆಯ ಮೇಲೆ ನೇರವಾಗಿ ಪಾಯ ಕೂರಿಸಿದರೆ ಅದು ಬಿರಿಯುತ್ತದೆ. ಮೊದಲು ಒಂದು ಗುಂಡಿ ತೆಗೆಸಿ ಎರೆಯ ಕೆಳಗಿನ ಗಟ್ಟಿ ಕಲ್ಲುಮಣ್ಣು, ಅಂದರೆ ಗರಸು, ಎಷ್ಟು ಆಳದಲ್ಲಿ ಸಿಗುತ್ತದೆ ನೋಡಿ. ನಾಲ್ಕೈದು ಅಡಿಯೊಳಗೆ ಸಿಕ್ಕರೆ ಅಲ್ಲಿಯವರೆಗೆ ಇಳಿದು, ಕೆಡವಿದ ಗೋಡೆಯ ಕಲ್ಲುಗಳಿಂದಲೇ ಪಾಯ ಕಟ್ಟಿ, ಎರಡೂ ಬದಿಗೆ ಎರೆಯ ಬದಲು ಗರಸನ್ನೇ ತುಂಬಿ. ಎರೆ ಇನ್ನೂ ಆಳಕ್ಕೆ ಹೋಗಿದ್ದರೆ ಅಂಡರ್‌ರೀಮ್ಡ್ ಪೈಲ್ ಎಂಬ, ತಳದಲ್ಲಿ ಅಗಲವಾಗುವ ಕಂಬಗಳನ್ನು ಇಳಿಸಬೇಕಾಗುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬೆಳೆಸಿದ ವಿಧಾನ ಅದು. ಅದಕ್ಕೆ ತೂತು ಕೊರೆಯುವ ಯಂತ್ರ ಬೇಕು, ಆ ಖರ್ಚಿಗೆ ಹಿಂಜರಿಯಬೇಡಿ. ಹೊಸ ಗೋಡೆಯನ್ನು ಹಳೆಯ ಮುಂಭಾಗದ ಗೋಡೆಗೆ ಬೆಸೆಯದೆ ನಡುವೆ ಒಂದಂಗುಲದಷ್ಟು ಸಂದು ಬಿಟ್ಟು ಕಟ್ಟಿಸಿ, ಎರಡೂ ತಮ್ಮ ತಮ್ಮ ಪಾಯದ ಮೇಲೆ ಬೇರೆ ಬೇರೆಯಾಗಿ ಕುಳಿತುಕೊಳ್ಳಲಿ. ಗುಂಡಿಯನ್ನು ಹಿಂಗಾರಿನ ಮಳೆ ನಿಂತು ನೆಲ ಒಣಗಿದ ಮೇಲೆ ತೆಗೆಸಿ. ಗರಸು ಎಷ್ಟು ಅಡಿಗೆ ಸಿಕ್ಕಿತು ಎಂಬುದನ್ನು ಇಲ್ಲಿ ಬರೆದರೆ ಪಾಯದ ಅಗಲದ ಲೆಕ್ಕವನ್ನು ನಾನು ಮಾಡಿಕೊಡುತ್ತೇನೆ.